‘ಸಂಶಯವಿರುವುದಿಲ್ಲ’ ಎಂದು ಬರೆಯುವವರು ಯಾರು?

ಪತ್ರಿಕೆಗಳ ಒಳಪುಟಗಳಲ್ಲಿ ದಿನವೂ ನಾಲ್ಕಾರು ಸಾಲಿನ ಕೆಲವು ಸುದ್ದಿಗಳಿರುತ್ತವೆ. ಬಾವಿಗೆ ಬಿದ್ದು ಮಹಿಳೆ ಸಾವು, ನೇಣು ಬಿಗಿದ ಸ್ಥಿತಿಯಲ್ಲಿ ಯುವಕನ ಶವ ಪತ್ತೆ, ವಿಷ ಸೇವಿಸಿ ಕೃಷಿಕ ಆತ್ಮಹತ್ಯೆ. ಊರು, ಹೆಸರು, ವಯಸ್ಸು ಬದಲಾಗುತ್ತವೆ, ವಾಕ್ಯಗಳು ಬದಲಾಗುವುದಿಲ್ಲ. ಗಂಡಸಾದರೆ ‘ಜೀವನದಲ್ಲಿ ಜಿಗುಪ್ಸೆಗೊಂಡು’. ಹೆಂಗಸಾದರೆ ‘ಹೊಟ್ಟೆನೋವು ತಾಳಲಾರದೆ’. ಕೊನೆಗೆ ಎಲ್ಲರಿಗೂ ಸಮಾನವಾಗಿ ಒಂದು ಸಾಲು: ‘ಮೃತರ ಮರಣದಲ್ಲಿ ಬೇರೆ ಯಾವುದೇ ಸಂಶಯ ಇರುವುದಿಲ್ಲ.’

ಈ ಮಾತುಗಳನ್ನು ವರದಿಗಾರ ಹುಟ್ಟಿಸಿದ್ದಲ್ಲ. ಅವು ಠಾಣೆಯಲ್ಲಿ ಹುಟ್ಟುತ್ತವೆ. ಮನೆಯವರು ಕೊಟ್ಟರೆನ್ನಲಾದ ಅರ್ಜಿಯಿಂದ ಶವಮಹಜರಿಗೆ, ಅಲ್ಲಿಂದ ಪತ್ರಿಕಾ ಪ್ರಕಟಣೆಗೆ, ಅಲ್ಲಿಂದ ನಮ್ಮ ಬೆಳಗಿನ ಚಹಾದ ಮೇಜಿಗೆ ಬರುತ್ತವೆ. ಸಾಹಿತ್ಯ ಕೃತಿಗಳನ್ನು ಇಷ್ಟೊಂದು ಆಸ್ಥೆಯಿಂದ ವಿಮರ್ಶೆ ಮಾಡುವ ನಾವು, ಒಬ್ಬ ಮನುಷ್ಯನ ಕುರಿತು ಸರಕಾರ ಬರೆಯುವ ಈ ಕೊನೆಯ ಬರವಣಿಗೆಯನ್ನು ಎಂದಾದರೂ ಗಮನವಿಟ್ಟು ಓದಿದ್ದೇವೆಯೇ? ಸಂಶಯ ಇಲ್ಲ ಎಂದು ಹೇಳಿದವರು ಯಾರು? ಯಾರಿಗೆ ಸಂಶಯ ಇಲ್ಲ? ಯಾರನ್ನು ಕೇಳಿ ಹಾಗೆ ಬರೆಯಲಾಯಿತು?

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಆತ್ಮಹತ್ಯೆ, ಅಪಘಾತ, ಕೊಲೆ ಅಥವಾ ಸಂಶಯ ಹುಟ್ಟಿಸುವ ಯಾವುದೇ ಸಾವಿನ ಮಾಹಿತಿ ಬಂದಾಗ ಠಾಣಾಧಿಕಾರಿ ಅದನ್ನು ದಂಡಾಧಿಕಾರಿಗೆ ತಿಳಿಸಬೇಕು. ಶವವಿರುವ ಸ್ಥಳಕ್ಕೆ ಹೋಗಿ, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮ್ಮುಖದಲ್ಲಿ ಗಾಯಗಳನ್ನು, ಗುರುತುಗಳನ್ನು, ಯಾವ ಆಯುಧದಿಂದ ಅವು ಆಗಿರಬಹುದು ಎಂಬುದನ್ನು ಬರೆದು, ಸಾವಿನ ಮೇಲುನೋಟದ ಕಾರಣವನ್ನು ದಾಖಲಿಸಬೇಕು. ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 194ನೇ ಕಲಮಾಗಿದೆ. ಪೊಲೀಸ್ ವರದಿ 24 ಗಂಟೆಗಳೊಳಗೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ತಲುಪಬೇಕು ಎಂಬ ಒಳ್ಳೆಯ ಮಾತೊಂದನ್ನು ಹೊಸ ಸಂಹಿತೆ ಸೇರಿಸಿದೆ. ಉಳಿದಂತೆ ‘ಗೌರವಸ್ಥ ನೆರೆಹೊರೆಯವರು’ ಎಂಬ ಪದಗಳು ಬ್ರಿಟಿಷರ 1898ರ ಸಂಹಿತೆಯಿಂದ ಹಾಗೆಯೇ ನಡೆದು ಬಂದಿವೆ.

ಈ ಗೌರವಸ್ಥರು ಯಾರು? ಕಾನೂನು ಬಯಸಿದ್ದು, ಠಾಣೆಯ ಹಂಗಿಲ್ಲದ, ಸತ್ತವರನ್ನೂ ಊರನ್ನೂ ಬಲ್ಲ, ಕಣ್ಣಿಗೆ ಕಂಡದ್ದನ್ನು ಹೇಳುವ ಜನರನ್ನು. ವ್ಯವಹಾರದಲ್ಲಿ ಸಿಗುವವರು ಠಾಣೆಯ ಸುತ್ತಮುತ್ತ ಓಡಾಡುವವರು, ನಾಳೆ ಯಾವುದೋ ಕೆಲಸಕ್ಕೆ ಪೊಲೀಸರ ಮುಖ ನೋಡಬೇಕಾದವರು, ಇಲ್ಲವೇ ಗುಂಪಿನಲ್ಲಿ ಮುಂದೆ ನಿಂತಿದ್ದ ತಪ್ಪಿಗೆ ಸಹಿ ಹಾಕಬೇಕಾಗಿ ಬಂದವರು. ಗಾಯ ನೋಡಿದವರಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ? ಸತ್ತ ಹೆಣ್ಣಿನ ಮೈಮೇಲಿನ ಹಳೆಯ ಬರೆಗಳ ಬಗ್ಗೆ ಅವಳ ಅಕ್ಕನಿಗೋ ಪಕ್ಕದ ಮನೆಯ ಹೆಂಗಸಿಗೋ ಗೊತ್ತಿರುವುದು ಅಂಗಡಿಕಟ್ಟೆಯ ಗೌರವಸ್ಥರಿಗೆ ಗೊತ್ತಿರುವುದುಂಟೆ?

ಈ ದೋಷ ಶಾಸನ ಮಾಡುವವರಿಗೆ ಗೊತ್ತಿರಲಿಲ್ಲ ಎಂದಲ್ಲ. ವರದಕ್ಷಿಣೆ ಸಾವುಗಳ ವಿರುದ್ಧ ದೇಶದಾದ್ಯಂತ ಮಹಿಳೆಯರು ಬೀದಿಗಿಳಿದ ಕಾಲದಲ್ಲಿ, 1983ರಲ್ಲಿ, ಕಾನೂನಿಗೆ ತಿದ್ದುಪಡಿ ಬಂತು. ಮದುವೆಯಾಗಿ ಏಳು ವರ್ಷಗಳೊಳಗೆ ಹೆಣ್ಣೊಬ್ಬಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ಸತ್ತರೆ ಪೊಲೀಸರ ಮಹಜರಷ್ಟೇ ಸಾಲದು, ದಂಡಾಧಿಕಾರಿಯೇ ವಿಚಾರಣೆ ನಡೆಸಬೇಕು ಎಂದಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಈ ಹೊಣೆ ತಹಶೀಲ್ದಾರರದು. ಅವರೇ ತಾಲೂಕು ದಂಡಾಧಿಕಾರಿ. ಆಲೋಚನೆ ಒಳ್ಳೆಯದೇ. ಆದರೆ ಆ ಮನುಷ್ಯನ ದಿನಚರಿಯನ್ನೂ ನೋಡಬೇಕಲ್ಲ? ಪಹಣಿ, ಪಿಂಚಣಿ, ಪಡಿತರ, ಚುನಾವಣೆ, ನೆರೆ ಪರಿಹಾರ, ಮಂತ್ರಿಗಳ ಪ್ರವಾಸ ಇವೆಲ್ಲದರ ನಡುವೆ ತಾಲೂಕು ಆಸ್ಪತ್ರೆಯ ಶವಾಗಾರದಿಂದ ಕರೆ ಬರುತ್ತದೆ. ಗಾಯವನ್ನು ಓದುವ ತರಬೇತಿ ಅವರಿಗೆ ಯಾರೂ ಕೊಟ್ಟಿಲ್ಲ. ಅಲ್ಲಿ ಪೊಲೀಸರು ಬರೆದು ಸಿದ್ಧವಾಗಿಟ್ಟ ನಮೂನೆ ಇರುತ್ತದೆ. ಹೊರಗೆ ಗಂಡನ ಮನೆಯವರೂ ತವರಿನವರೂ ಎದುರುಬದುರು ನಿಂತಿರುತ್ತಾರೆ. ಅಂಥ ಹೊತ್ತಿನಲ್ಲಿ ತಾಯಿಯನ್ನು ಬೇರೆಯಾಗಿ ಕೂರಿಸಿ, ಸಾವಧಾನದಿಂದ ಅವಳ ಮಾತು ಬರೆದುಕೊಳ್ಳುವ ತಹಶೀಲ್ದಾರರೂ ಇದ್ದಾರೆ; ಅವರಿಗೆ ನಮ್ಮ ಸಲಾಮು. ಆದರೆ ಅದು ವ್ಯಕ್ತಿಯ ಒಳ್ಳೆಯತನ, ವ್ಯವಸ್ಥೆಯ ಗುಣವಲ್ಲ.

ಹೆಣ್ಣಿನ ಸಾವಿನಲ್ಲಿ ಅಧಿಕಾರಿಗೆ ಪುರಸೊತ್ತಿಲ್ಲದ್ದು ಸಮಸ್ಯೆಯಾದರೆ, ಪೊಲೀಸರ ವಶದಲ್ಲಿದ್ದವನ ಸಾವಿನಲ್ಲಿ ಅಧಿಕಾರಿ ಯಾರ ಮನೆಯವನು ಎಂಬುದೇ ಸಮಸ್ಯೆ.

ಒಡಿಶಾದ ನೀಲಬತಿ ಬೆಹೆರಾ ಎಂಬ ತಾಯಿಯ ಕತೆ ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಗೊತ್ತಿದೆ. ನಮ್ಮ ಓದುಗರಿಗೂ ಗೊತ್ತಿರಬೇಕು. 1987ರ ಡಿಸೆಂಬರ್ 1ರಂದು ಅವಳ 22 ವರ್ಷದ ಮಗನನ್ನು ಕಳವಿನ ತನಿಖೆಗೆಂದು ಪೊಲೀಸರು ಒಯ್ದರು. ಆ ರಾತ್ರಿ ಅವಳು ಹೊರಠಾಣೆಗೆ ಊಟ ತೆಗೆದುಕೊಂಡು ಹೋದಳು, ಮಗ ಉಂಡ. ಮರುದಿನ ಅವನ ಶವ ರೈಲು ಹಳಿಯ ಮೇಲೆ ಸಿಕ್ಕಿತು. ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಡಿದುಕೊಂಡು ಓಡಿಹೋದ, ರೈಲಿಗೆ ಸಿಕ್ಕಿ ಸತ್ತ ಎಂಬುದು ಪೊಲೀಸರ ಹೇಳಿಕೆ. ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. ಕೋರ್ಟು ಅದನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿ, ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಗಾಯಗಳು ರೈಲಿನಿಂದ ಆದವಲ್ಲ, ಪೊಲೀಸ್ ವಶದಲ್ಲಿ ಹೊಡೆದದ್ದರಿಂದ ಆದವು ಎಂಬ ವರದಿ ಬಂತು. 1993ರಲ್ಲಿ ತೀರ್ಪು, ಒಂದೂವರೆ ಲಕ್ಷ ರೂಪಾಯಿ ಪರಿಹಾರ. ಗಮನಿಸಬೇಕಾದದ್ದು ಇಷ್ಟೇ: ಶವ ಅದೇ, ಗಾಯಗಳೂ ಅವೇ. ನೋಡಿದ ಕಣ್ಣು ಬದಲಾದಾಗ ಸಾವಿನ ಕಾರಣವೂ ಬದಲಾಯಿತು.

ಇಂಥ ಅನುಭವಗಳ ಹಿನ್ನೆಲೆಯಲ್ಲಿಯೇ 1993ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪ್ರತಿ ಲಾಕಪ್ ಸಾವನ್ನೂ 24 ಗಂಟೆಗಳಲ್ಲಿ ತನಗೆ ತಿಳಿಸಬೇಕೆಂದಿತು. ಮರಣೋತ್ತರ ಪರೀಕ್ಷೆಯನ್ನು ವೀಡಿಯೊ ಮಾಡಬೇಕೆಂದು ಹೇಳಿತು. 2005ರಲ್ಲಿ ಸಂಸತ್ತು ಇನ್ನೂ ಮುಖ್ಯವಾದ ತಿದ್ದುಪಡಿ ತಂದಿತು. 2006ರಲ್ಲಿ ಅದು ಜಾರಿಯಾಯಿತು. ಪೊಲೀಸ್ ವಶದಲ್ಲಾಗಲಿ, ನ್ಯಾಯಾಲಯ ಒಪ್ಪಿಸಿದ ಬೇರಾವುದೇ ವಶದಲ್ಲಾಗಲಿ ಯಾರಾದರೂ ಸತ್ತರೆ, ಕಾಣೆಯಾದರೆ, ಹೆಣ್ಣಿನ ಮೇಲೆ ಅತ್ಯಾಚಾರದ ಆರೋಪ ಬಂದರೆ, ಪೊಲೀಸ್ ತನಿಖೆಯ ಜೊತೆಗೆ ನ್ಯಾಯಿಕ ದಂಡಾಧಿಕಾರಿ, ಅಂದರೆ ಕೋರ್ಟಿನ ಮ್ಯಾಜಿಸ್ಟ್ರೇಟರು, ವಿಚಾರಣೆ ನಡೆಸತಕ್ಕದ್ದು. ‘ನಡೆಸಬಹುದು’ ಅಲ್ಲ, ‘ನಡೆಸತಕ್ಕದ್ದು’. ಹಳೆಯ 176(1ಎ) ಎಂಬ ಈ ಉಪಕಲಮು ಹೊಸ ಸಂಹಿತೆಯ 196ನೇ ಕಲಮಿನಲ್ಲಿದೆ. ಎಸ್ಪಿಯೊಂದಿಗೆ ದಿನವೂ ಸಭೆಯಲ್ಲಿ ಕೂರುವ ಕಂದಾಯ ಅಧಿಕಾರಿಯ ಕೈಯಿಂದ ಈ ಕೆಲಸವನ್ನು ತೆಗೆದು ನ್ಯಾಯಾಂಗಕ್ಕೆ ಕೊಟ್ಟದ್ದೇ ಅದರ ಸತ್ವ.

ಹಾಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಸಾತಾನ್‌ಕುಳಂ ಸಾಕ್ಷಿ. 2020ರ ಜೂನ್ 19ರಂದು, ಲಾಕ್‌ಡೌನ್ ಕಾಲದಲ್ಲಿ, ಮೊಬೈಲ್ ಅಂಗಡಿಯನ್ನು ಹೊತ್ತು ಮೀರಿ ತೆರೆದಿಟ್ಟರೆಂಬ ಆರೋಪದಲ್ಲಿ ತಂದೆ ಮಗ ಇಬ್ಬರನ್ನು ಠಾಣೆಗೆ ಒಯ್ಯಲಾಯಿತು. ಮರುದಿನ ಅವರನ್ನು ನ್ಯಾಯಾಂಗ ಬಂಧನಕ್ಕೆ ಕಳುಹಿಸಲಾಯಿತು. ಅವರ ಮೈಮೇಲಿನ ಗಾಯಗಳನ್ನು ಆಗ ಸರಿಯಾಗಿ ನೋಡಿದವರೇ ಇಲ್ಲ ಎಂಬ ಆರೋಪ ವ್ಯಾಪಕವಾಗಿ ಕೇಳಿಬಂತು. 22ರ ರಾತ್ರಿ ಮಗ, 23ರ ಬೆಳಗ್ಗೆ ತಂದೆ ತೀರಿಕೊಂಡರು. ಮದರಾಸು ಹೈಕೋರ್ಟಿನ ಮದುರೈ ಪೀಠ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕೋವಿಲ್‌ಪಟ್ಟಿಯ ನ್ಯಾಯಿಕ ಮ್ಯಾಜಿಸ್ಟ್ರೇಟರು ಖುದ್ದಾಗಿ ಆ ಠಾಣೆಗೆ ಹೋದರು. ಪೊಲೀಸರು ದಾಖಲೆ ಕೊಡಲಿಲ್ಲ, ಅವರೆದುರೇ ಒಬ್ಬ ಪೇದೆ ಅವಮಾನದ ಮಾತಾಡಿದ. ಸಿಸಿಟಿವಿ ದೃಶ್ಯಗಳು ದಿನದಿನವೂ ಅಳಿಸಿಹೋಗುವಂತೆ ಹೊಂದಿಸಿದ್ದು ಅವರಿಗೆ ಕಂಡುಬಂತು. ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್, ಹೆದರುತ್ತಲೇ, ರಾತ್ರಿಯಿಡೀ ಹೊಡೆದದ್ದನ್ನೂ ಲಾಠಿ, ಮೇಜುಗಳ ಮೇಲೆ ರಕ್ತದ ಕಲೆಯಿದ್ದುದನ್ನೂ ಹೇಳಿದಳು. ಮ್ಯಾಜಿಸ್ಟ್ರೇಟರು ಇದನ್ನೆಲ್ಲ ಹೈಕೋರ್ಟಿಗೆ ಬರೆದು ತಿಳಿಸಿದರು. ಸಾಕ್ಷ್ಯ ನಾಶವಾಗದಿರಲೆಂದು ಕೋರ್ಟು ಆ ಠಾಣೆಯನ್ನೇ ಕಂದಾಯ ಅಧಿಕಾರಿಗಳ ಸುಪರ್ದಿಗೆ ಒಪ್ಪಿಸುವಂತೆ ಮಾಡಿತು. ಪ್ರಕರಣ ಸಿಬಿಐಗೆ ಹೋಗಿ ಪೊಲೀಸರ ಮೇಲೆ ಕೊಲೆ ಆರೋಪ ಪಟ್ಟಿ ಸಲ್ಲಿಕೆಯಾಯಿತು.

ಇಲ್ಲಿ ಪವಾಡವೇನೂ ನಡೆಯಲಿಲ್ಲ. ಕಾನೂನು ಹೇಳಿದ್ದನ್ನು ಒಬ್ಬ ಮ್ಯಾಜಿಸ್ಟ್ರೇಟರು ಮಾಡಿದರು. ಠಾಣೆಗೆ ನಡೆದು ಹೋದರು, ನೋಡಿದರು, ಕೇಳಿದರು, ಬರೆದರು. ಅವರ ಬೆನ್ನಿಗೆ ಹೈಕೋರ್ಟು ನಿಂತಿತ್ತು. ಹಾಗಾದರೆ ಇದು ಸುದ್ದಿಯಾಗಬೇಕಾದಷ್ಟು ಅಪರೂಪವಾದದ್ದೇಕೆ? ಈ ಉಪಕಲಮನ್ನು ಪಾಲಿಸುತ್ತಿಲ್ಲ ಎಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟೇ 2020ರ ಆರಂಭದಲ್ಲಿ ಸರಕಾರಗಳಿಗೆ ನೋಟಿಸು ಕೊಡಬೇಕಾಯಿತು. ತಿದ್ದುಪಡಿ ಜಾರಿಯಾಗಿ ಆಗಲೇ ಹದಿಮೂರು ವರ್ಷ ಕಳೆದಿತ್ತು!

ಗುಂಡೇಟಿನ ಸಾವುಗಳದ್ದು ಇನ್ನೊಂದು ಬಗೆ. ಬೀದಿಯಲ್ಲಿ ಗುಂಡಿಗೆ ಬಲಿಯಾದವನು ‘ವಶದಲ್ಲಿ’ ಇರಲಿಲ್ಲವಾದ್ದರಿಂದ ಈ ಉಪಕಲಮು ಅಲ್ಲಿ ನೇರವಾಗಿ ಅನ್ವಯಿಸುವುದಿಲ್ಲ. ಪೊಲೀಸ್ ಗುಂಡಿನಿಂದ ಆಗುವ ಪ್ರತಿ ಸಾವಿನಲ್ಲೂ ದಂಡಾಧಿಕಾರಿ ವಿಚಾರಣೆ ಆಗಲೇಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ, ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ, ಹೇಳಿದೆ. ಆದರೆ ಯಾರು ನಡೆಸಬೇಕು? 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಗೋಲಿಬಾರಿನಲ್ಲಿ ಇಬ್ಬರು ಸತ್ತಾಗ ದಂಡಾಧಿಕಾರಿ ವಿಚಾರಣೆಯ ಹೊಣೆ ಪಕ್ಕದ ಉಡುಪಿ ಜಿಲ್ಲೆಯ ಜಿಲ್ಲಾಧಿಕಾರಿಗೆ ಬಂತು. ಆ ಅಧಿಕಾರಿಯ ಪ್ರಾಮಾಣಿಕತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಸ್ಥಾನದ್ದು. ಗುಂಡು ಹಾರಿಸಿದ ಪೊಲೀಸರಿಗೆ ಸಂಬಳ ಕೊಡುವ ಸರಕಾರವೇ ವಿಚಾರಣಾಧಿಕಾರಿಯನ್ನೂ ನೇಮಿಸುತ್ತದೆ, ನಾಳೆ ಅವರನ್ನು ವರ್ಗ ಮಾಡುವುದೂ ಅದೇ, ವರದಿ ತಲುಪುವುದೂ ಅದಕ್ಕೇ. ಹೆತ್ತವರಿಗೆ ಇದರಲ್ಲಿ ನಂಬಿಕೆ ಹುಟ್ಟಬೇಕೆಂದು ನಾವು ಹೇಗೆ ಒತ್ತಾಯಿಸಲಿ?

ವರದಿಯ ಗತಿ ಏನು ಎಂಬುದೂ ಅಷ್ಟೇ ಮುಖ್ಯ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಆಯೋಗ ನೇಮಕವಾದರೆ, ವರದಿ ಬಂದ ಆರು ತಿಂಗಳೊಳಗೆ ಕೈಗೊಂಡ ಕ್ರಮದ ವಿವರದೊಂದಿಗೆ ಅದನ್ನು ಶಾಸನಸಭೆಯ ಮುಂದಿಡಬೇಕು. ದಂಡಾಧಿಕಾರಿ ವಿಚಾರಣೆಯ ವರದಿಗೆ ಅಂಥ ಯಾವ ಕಟ್ಟುಪಾಡೂ ಇಲ್ಲ. ಕಡತ ಕಪಾಟಿಗೆ ಸೇರಿದರೆ ಕೇಳುವವರಿಲ್ಲ. ವರದಿ ಖಡಾಖಂಡಿತವಾಗಿ ಮಾತಾಡಿದರೂ ಅದು ತೀರ್ಪಲ್ಲ. ಗುಜರಾತಿನ ಇಶ್ರತ್ ಜಹಾನ್ ಪ್ರಕರಣದಲ್ಲಿ ಅಹಮದಾಬಾದಿನ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಎಸ್.ಪಿ. ತಮಾಂಗ್ ಅವರು 2009ರ ಸೆಪ್ಟೆಂಬರಿನಲ್ಲಿ ಆ ಎನ್‌ಕೌಂಟರ್ ನಕಲಿ ಎಂದು ಬರೆದರು. ಎರಡೇ ದಿನಗಳಲ್ಲಿ ಹೈಕೋರ್ಟು ಆ ವರದಿಗೆ ತಡೆ ನೀಡಿತು. ಮುಂದೆ ಹೈಕೋರ್ಟೇ ನೇಮಿಸಿದ ವಿಶೇಷ ತನಿಖಾ ತಂಡವೂ ಎನ್‌ಕೌಂಟರ್ ನಿಜವಲ್ಲ ಎಂದಿತು, 2013ರಲ್ಲಿ ಸಿಬಿಐ ಆರೋಪ ಪಟ್ಟಿ ಸಲ್ಲಿಸಿತು. ಆದರೆ ವಿಚಾರಣೆಗೆ ಸರಕಾರದ ಅನುಮತಿ ಸಿಗದೆ, 2021ರ ಮಾರ್ಚಿನಲ್ಲಿ ಕೊನೆಯ ಮೂವರು ಅಧಿಕಾರಿಗಳೂ ಆರೋಪಮುಕ್ತರಾದರು. ಸಾವಿನ ಕಾರಣ ಬರೆಯುವುದು ಒಂದು ಕೆಲಸ. ಬರೆದದ್ದನ್ನು ನ್ಯಾಯದ ಬಾಗಿಲವರೆಗೆ ಮುಟ್ಟಿಸುವುದು ಇನ್ನೊಂದು.

ಇಷ್ಟೆಲ್ಲ ಸರಕಾರದ ಕುರಿತಾಯಿತು. ಸಮುದಾಯದ ಕಡೆಗೂ ಮುಖ ತಿರುಗಿಸದಿದ್ದರೆ ಈ ವಿಮರ್ಶೆ ಅರ್ಧವಾದೀತು.

ಮಯ್ಯಿತನ್ನು ಬೇಗನೆ ದಫನ ಮಾಡಬೇಕು ಎಂಬುದು ನಮ್ಮಲ್ಲಿ ಬಹು ಗೌರವದ ಸಂಪ್ರದಾಯ. ಸತ್ತವರ ಮೈಗೆ ನೋವಾಗಬಾರದು ಎಂಬ ಕಾಳಜಿಯೂ ಅದರ ಹಿಂದಿದೆ. ಆದರೆ ಸಂಶಯದ ಸಾವುಗಳಲ್ಲಿ ಇದೇ ಗೌರವ ತಪ್ಪಿತಸ್ಥರ ಅನುಕೂಲಕ್ಕೆ ಒದಗುವುದನ್ನು ನೋಡುತ್ತಿದ್ದೇವೆ. ‘ಸಹಿ ಹಾಕಿಬಿಡಿ, ಬಾಡಿ ಬೇಗ ಸಿಗುತ್ತದೆ’ ಎಂಬ ಮಾತು ಶವಾಗಾರದ ಅಂಗಳದಲ್ಲಿ ತುಂಬ ಹಳೆಯದು. ಹಾಗೆ ಹೇಳುವವರಲ್ಲಿ ಪೊಲೀಸರಷ್ಟೇ ಅಲ್ಲ, ಜಮಾಅತಿನ ಹಿರಿಯರೂ ಇರುತ್ತಾರೆ. ಸಂಜೆಯ ನಮಾಝಿನೊಳಗೆ ಜನಾಜಾ ಆಗಬೇಕೆಂಬ ಅವಸರದಲ್ಲಿ, ಓದು ಬಾರದ ತಂದೆ ಏನು ಬರೆದಿದೆ ಎಂದು ಕೇಳದೆಯೇ ಹೆಬ್ಬೆಟ್ಟು ಒತ್ತುತ್ತಾನೆ. ಅವನ ಹೆಬ್ಬೆಟ್ಟಿನ ಮೇಲಿನ ಸಾಲಿನಲ್ಲಿಯೇ ‘ಸಂಶಯ ಇರುವುದಿಲ್ಲ’ ಎಂದಿರುತ್ತದೆ.

ಹೆಣ್ಣುಮಗಳ ಸಾವಾದರೆ ಇನ್ನೂ ಒಂದು ಪರದೆ ಬೀಳುತ್ತದೆ. ಆತ್ಮಹತ್ಯೆ ಹರಾಮ್, ಆದ್ದರಿಂದ ಅದರ ಹೆಸರೆತ್ತುವುದೇ ಮನೆತನಕ್ಕೆ ಕಳಂಕ ಎಂದು ಬಗೆದು ತವರಿನವರೇ ಹೊಟ್ಟೆನೋವಿನ ಕತೆಗೆ ತಲೆಯಾಡಿಸುತ್ತಾರೆ. ಅವಳನ್ನು ಆ ಅಂಚಿಗೆ ತಳ್ಳಿದವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇದು ಮುಸ್ಲಿಮರಲ್ಲಿ ಮಾತ್ರ ಇರುವ ರೋಗವಲ್ಲ. ಕನ್ನಡ ನಾಡಿನ ಎಲ್ಲ ಜಾತಿಗಳ ಮರ್ಯಾದಸ್ಥ ಮನೆಗಳಲ್ಲಿಯೂ ಇದೇ ಮೌನವಿದೆ. ಆದರೆ ಸ್ವಂತದವರ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂಬ ಪಾಠವನ್ನು ಮಿಂಬರಿನಿಂದ ಕೇಳುತ್ತಾ ಬೆಳೆದವರಿಗೆ ಈ ಮೌನ ಹೆಚ್ಚು ಚುಚ್ಚಬೇಕು.

ದಫನದ ಅವಸರಕ್ಕೂ ಕಾನೂನಿಗೂ ನಿಜಕ್ಕೂ ಜಗಳವಿಲ್ಲ. ವಶದಲ್ಲಿ ಸಾವಾದಾಗ 24 ಗಂಟೆಗಳೊಳಗೆ ಶವವನ್ನು ಪರೀಕ್ಷೆಗಾಗಿ ಸರಕಾರಿ ಶಸ್ತ್ರವೈದ್ಯರಿಗೆ ಕಳುಹಿಸಬೇಕೆಂದು ಕಾನೂನೇ ಹೇಳುತ್ತದೆ. ತಡ ಮಾಡಬಾರದೆಂಬುದು ಅದರ ಬಯಕೆಯೂ ಹೌದು. 2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ನಡೆಸಲು ಅವಕಾಶ ಕೊಟ್ಟಿತು. ಕೊಲೆ, ಆತ್ಮಹತ್ಯೆ, ಸಂಶಯದ ಸಾವುಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟದ್ದು ಹಗಲಿನ ಬೆಳಕಿನಲ್ಲಿ ಗಾಯ ಸರಿಯಾಗಿ ಕಾಣಲಿ ಎಂಬುದಕ್ಕೆ. ಒಂದು ರಾತ್ರಿ ಕಾಯುವುದು ಮಯ್ಯಿತಿಗೆ ಅವಮಾನವಲ್ಲ. ಅವಸರದಲ್ಲಿ ಮಣ್ಣು ಮಾಡಿ, ತಿಂಗಳುಗಳ ಬಳಿಕ ದಂಡಾಧಿಕಾರಿಯ ಆದೇಶದಿಂದ ಗೋರಿ ಅಗೆಯುವುದು ಅದಕ್ಕಿಂತ ಎಷ್ಟೋ ದೊಡ್ಡ ನೋವು. ಕಾನೂನಿನಲ್ಲಿ ಅದಕ್ಕೂ ದಾರಿಯಿದೆ. ಆದರೆ ಅಷ್ಟು ಹೊತ್ತಿಗೆ ಮಣ್ಣು ಬಹಳಷ್ಟನ್ನು ತಿಂದಿರುತ್ತದೆ.

ಅವಸರದ ಇನ್ನೊಂದು ರೂಪ ಸಿಟ್ಟು. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಠಾಣೆಗೆ ಕರೆತಂದ ಯುವಕನೊಬ್ಬ ಸತ್ತ ರಾತ್ರಿ ಜನ ಠಾಣೆಗೆ ನುಗ್ಗಿದರು. ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು. ಮುಂದೆ ಸಿಐಡಿ ತನಿಖೆಯೂ ಬಂತು, ಕಲ್ಲೆಸೆದವರ ಬಂಧನವೂ ಬಂತು. ಸತ್ತವನ ಪರವಾಗಿ ಕೇಳಬೇಕಾದ ಊರೇ ಆರೋಪಿಗಳ ಪಟ್ಟಿಗೆ ಸೇರಿದರೆ ಕೇಳುವವರು ಯಾರು ಉಳಿದರು? ಕಲ್ಲು ಎತ್ತುವ ಕೈಗಳಿಗೆ, ಇಂಥ ಸಾವಿಗೆ ಕೋರ್ಟಿನ ಮ್ಯಾಜಿಸ್ಟ್ರೇಟರೇ ಬರಬೇಕು ಎಂಬ ಕಾನೂನು ಇದೆ ಎಂದು ಹೇಳಿಕೊಟ್ಟವರು ಎಷ್ಟು ಮಂದಿ?

ಕೇಳಬೇಕಾದ ಸಂಗತಿಗಳು ಬಹಳ ಸರಳವಾದವು. ವಿಚಾರಣೆ ನಡೆಸುವ ದಂಡಾಧಿಕಾರಿ ಯಾರು, ಕಂದಾಯದವರೋ ನ್ಯಾಯಾಂಗದವರೋ? ಸತ್ತವರ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಗೆ ಸಾಧ್ಯವಿರುವಲ್ಲೆಲ್ಲ ತಿಳಿಸಿ, ವಿಚಾರಣೆಯಲ್ಲಿ ಹಾಜರಿರಲು ಬಿಡಬೇಕೆಂದು ಕಾನೂನು ಹೇಳುತ್ತದೆ. ಹಾಗಾದರೆ ನಮಗೆ ನೋಟಿಸು ಎಲ್ಲಿ? ಮಹಜರನ್ನು ಓದಿ ಹೇಳಿದ ಮೇಲೆಯೇ ಸಹಿ. ಒಪ್ಪದ ಮಾತಿದ್ದರೆ ಸಹಿಯ ಪಕ್ಕದಲ್ಲಿಯೇ ಒಪ್ಪಿಗೆಯಿಲ್ಲ ಎಂದು ಬರೆಯುವುದು. ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿ ಕೇಳುವುದು. ಮಾಹಿತಿಯಿದ್ದವರು ಇಂಥ ದಿನ ಹಾಜರಾಗಿ ಹೇಳಿಕೆ ಕೊಡಬಹುದೆಂದು ಪತ್ರಿಕೆಯ ಮೂಲೆಯಲ್ಲಿ ಬರುವ ಸಣ್ಣ ಪ್ರಕಟಣೆಯನ್ನು ಯಾರಾದರೂ ಓದಿ ಊರಿಗೆ ತಿಳಿಸುವುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಡವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವಿದೆ. ತಾಲೂಕು ಕೋರ್ಟಿನ ಆವರಣದಲ್ಲಿಯೇ ಅದರ ಕಚೇರಿ ಇರುತ್ತದೆ. ಮದುವೆ ನೋಂದಣಿಗೂ ವಿವಾದ ತೀರ್ಮಾನಕ್ಕೂ ಸಮಿತಿ ಮಾಡಿಕೊಂಡಿರುವ ಜಮಾಅತುಗಳು, ಇಂಥ ದಿನ ಶವಾಗಾರಕ್ಕೆ ಹೋಗಿ ಕುಟುಂಬದ ಜೊತೆ ನಿಲ್ಲಬಲ್ಲ, ಓದುಬರಹ ಬಲ್ಲ ಇಬ್ಬರು ಗಂಡಸರು, ಇಬ್ಬರು ಹೆಂಗಸರನ್ನು ಸಿದ್ಧಪಡಿಸಲಾರವೇ?

ಸರಕಾರದ ಮುಂದಿಡಬೇಕಾದ ಬೇಡಿಕೆಗಳೂ ಮೂರೇ. ವಶದ ಸಾವುಗಳಲ್ಲಿ ನ್ಯಾಯಿಕ ದಂಡಾಧಿಕಾರಿಯ ವಿಚಾರಣೆ ತಪ್ಪದೆ ನಡೆಯಬೇಕು, ಗೋಲಿಬಾರಿನ ಸಾವುಗಳಿಗೂ ಅದನ್ನು ವಿಸ್ತರಿಸಬೇಕು. ಪ್ರತಿ ವರದಿಯನ್ನೂ ಗೊತ್ತಾದ ಅವಧಿಯೊಳಗೆ ಕುಟುಂಬಕ್ಕೆ ಕೊಟ್ಟು ಪ್ರಕಟಿಸಬೇಕು. ಹೆಣ್ಣುಮಕ್ಕಳ ಸಾವಿನ ವಿಚಾರಣೆ ನಡೆಸುವ ತಹಶೀಲ್ದಾರರಿಗೆ ತರಬೇತಿಯೂ, ಪಂಚರಲ್ಲಿ ಮಹಿಳೆಯರೂ ಇರಬೇಕು.

ಪಹಣಿ ತಿದ್ದುಪಡಿಗೆ ತಾಲೂಕು ಕಚೇರಿಯ ಬಾಗಿಲಲ್ಲಿ ಹತ್ತು ಸಲ ನಿಲ್ಲುವ ಜನ ನಾವು. ಸತ್ತವರ ಹೆಸರಿನಲ್ಲಿ ಹನ್ನೊಂದನೆಯ ಸಲ ಹೋಗಿ, ವಿಚಾರಣೆ ಎಂದು, ಯಾರ ಮುಂದೆ, ನಮ್ಮ ಹೇಳಿಕೆ ಯಾವಾಗ ಬರೆದುಕೊಳ್ಳುತ್ತೀರಿ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.